ತೂಕದ ಯಂತ್ರ ಕೊಡುವ ಅಂಕ

ಬೋಧನಾಭ್ಯಾಸದ ಆರೋಗ್ಯ ಪಾಠವೊಂದರಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಮಕ್ಕಳ ತೂಕವನ್ನು ತರಗತಿಯಲ್ಲೇ ಗಟ್ಟಿಯಾಗಿ ಓದಿದರು. ಒಬ್ಬ ಹುಡುಗಿ ಪಾಠ ಮುಗಿಯುವವರೆಗೂ ತಲೆ ಎತ್ತಲಿಲ್ಲ. ವೀಕ್ಷಕಿಯಾಗಿದ್ದ ನನಗೆ ನನ್ನದೇ ಅನುಭವ ನೆನಪಾಯಿತು.

ತೂಕ ಇಳಿಸಲು ಹೊರಟಾಗ ನಾನು ದಿನವೂ ಯಂತ್ರ ಹತ್ತುತ್ತಿದ್ದೆ. ದೇಹದ ನೀರಿನಂಶದಿಂದಲೇ ತೂಕ ದಿನದಿಂದ ದಿನಕ್ಕೆ ಹೆಚ್ಚುಕಡಿಮೆಯಾಗುತ್ತದೆ. ಅದನ್ನೇ ಸೋಲೆಂದು ತಿಳಿದು ಎರಡು ಬಾರಿ ಕೈಬಿಟ್ಟೆ. ಚುರುಕಾಗಿ 30 ನಿಮಿಷ ನಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದ ಮೇಲೆ ರೂಢಿ ಬೇರೂರಿತು. ವಾರಕ್ಕೆ ಐದು ಗುರುತಾದರೆ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ 150 ನಿಮಿಷವಾಯಿತು.

ಯಂತ್ರದ್ದು ಸಂಕಲನಾತ್ಮಕ ಮೌಲ್ಯಮಾಪನ, ಗುರುತಿನದ್ದು ರೂಪಣಾತ್ಮಕ. ನಾಳೆಗೆ ಹುರುಪು ಕೊಡುವುದು ಎರಡನೆಯದೇ. ಮಗುವಿನ ತೂಕ ಪೋಷಕರಿಗೆ ಮಾತ್ರ ತಿಳಿಯಲಿ. ಪಾಠಯೋಜನೆಯಲ್ಲಿ ಆಟ, ನಡಿಗೆ, ನಿದ್ದೆಯ ಲೆಕ್ಕಕ್ಕೆ ಜಾಗವಿರಲಿ.