ಆಪತ್ತಿಗಾದವನೇ ನೆಂಟ

ಆಪತ್ತು ಹೇಳಿ ಬರುವುದಿಲ್ಲ. ಬಂದಾಗ ಮನುಷ್ಯನು ಮೊದಲು ಮಾಡುವ ಕೆಲಸ ಕೂಗುವುದು. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಗಳು ಸಾಲಾಗಿ ನಿಂತಿರುವುದಿಲ್ಲ. ಒಂದು ಮನೆ ಅಡಕೆ ತೋಟದ ಅಂಚಿನಲ್ಲಿದ್ದರೆ ಇನ್ನೊಂದು ಗುಡ್ಡದ ಆಚೆಗಿರುತ್ತದೆ. ಹಿಂದೆ ಇವೆರಡನ್ನೂ ಬೆಸೆದದ್ದು ‘ಕೂ’ ಎಂಬ ನೀಳವಾದ ಕರೆ. ಆ ಕರೆಯ ಬಲವಿದ್ದುದು ಕೂಗುವವನ ಕೊರಳಿನಲ್ಲಿ ಮಾತ್ರವಲ್ಲ, ಕೇಳಿದೊಡನೆ ಕೈಗೆಲಸ ಬಿಟ್ಟು ಓಡಿಬರುವ ನೆರೆಯವನ ಕಾಲುಗಳಲ್ಲಿ.

ಇಂದು ಕೂಗಿನ ಕೆಲಸವನ್ನು ದೂರವಾಣಿಯು ವಹಿಸಿಕೊಂಡಿದೆ. ಕರ್ನಾಟಕದಲ್ಲಿ 2008ರಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. ಮುಂದೆ ಕೇಂದ್ರ ಸರ್ಕಾರವು 112 ಸಂಖ್ಯೆಯ ಸೇವೆಗೆ ಮೊಬೈಲ್ ಆ್ಯಪ್ ಒಂದನ್ನು ಹೊರತಂದಿತು. ಸ್ತ್ರೀಯರ ರಕ್ಷಣೆಗಾಗಿ, ಸಮೀಪದ ಸ್ವಯಂಸೇವಕರಿಗೂ ಸುದ್ದಿ ಮುಟ್ಟಿಸುವ ಏರ್ಪಾಡನ್ನು ಅದರಲ್ಲಿ ಮಾಡಲಾಯಿತು. ಅದಕ್ಕೆ ಇಟ್ಟ ಹೆಸರು ‘ಶೌಟ್’, ಎಂದರೆ ಕೂಗು!

ಇಂತಹ ಆ್ಯಪ್‌ಗಳನ್ನು ಕಟ್ಟುವ ಉತ್ಸಾಹ ಈಗ ವಿದ್ಯಾರ್ಥಿಗಳಲ್ಲಿಯೂ ಕಾಣುತ್ತಿದೆ. ತರುಣರು ತಂಡಗಳಾಗಿ ಕುಳಿತು, ಗೊತ್ತಾದ ಅವಧಿಯೊಳಗೆ ಒಂದು ಸಮಸ್ಯೆಗೆ ಯಂತ್ರದ ಅಥವಾ ತಂತ್ರಾಂಶದ ಮೂಲಕ ಪರಿಹಾರ ಹುಡುಕುವ ಸ್ಪರ್ಧೆಗೆ ಹ್ಯಾಕಥಾನ್ ಎಂದು ಹೆಸರು. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ತಂತ್ರಾಂಶ ವಿಭಾಗದಲ್ಲಿ ಈ ಅವಧಿ 36 ಗಂಟೆಗಳು. ಸುಳ್ಯ, ಪುತ್ತೂರುಗಳಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಇಲ್ಲಿನ ತರುಣರು ಆಪತ್ಕಾಲದ ಆ್ಯಪ್ ಒಂದನ್ನು ಕಟ್ಟಹೊರಟರೆ ಅದು ಹೇಗಿರಬೇಕು?

ಮೊದಲನೆಯದಾಗಿ, ಅದು ಈ ನೆಲವನ್ನು ಅರಿತಿರಬೇಕು. ಉಪಗ್ರಹಗಳ ಸಂಕೇತವನ್ನು ಹಿಡಿದು ತಾನೆಲ್ಲಿದ್ದೇನೆಂಬುದನ್ನು ತಿಳಿಯಲು ಫೋನಿಗೆ ಮೊಬೈಲ್ ಗೋಪುರದ ಹಂಗಿಲ್ಲ. ಆದರೆ ಅದನ್ನು ಇನ್ನೊಬ್ಬರಿಗೆ ತಿಳಿಸಲು ಸಾಮಾನ್ಯವಾಗಿ ಗೋಪುರ ಬೇಕು. ಘಟ್ಟದ ಬುಡದ ಕಣಿವೆಗಳಲ್ಲಿ ಆ ಸಂಕೇತ ಕ್ಷೀಣಿಸುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಗೋಪುರವೇ ಮೂಕವಾಗಬಹುದು. ಆದುದರಿಂದ ಇಂಟರ್‌ನೆಟ್ ಇಲ್ಲದಿದ್ದರೂ ಸಣ್ಣದೊಂದು ಎಸ್ಸೆಮ್ಮೆಸ್‌ನಲ್ಲಿ ಸ್ಥಳವನ್ನು ತಿಳಿಸುವ, ಸಂಕೇತ ದೊರೆಯುವವರೆಗೂ ಮತ್ತೆ ಮತ್ತೆ ಯತ್ನಿಸುವ ಗುಣ ಅದಕ್ಕೆ ಬೇಕು. ನಗರದ ಸಭಾಂಗಣದಲ್ಲಿ ಗೆದ್ದ ಆ್ಯಪ್ ಸುಬ್ರಹ್ಮಣ್ಯದ ಕಾಡಂಚಿನಲ್ಲಿ ಸೋತರೆ ಆ ಗೆಲುವಿನಿಂದೇನು ಫಲ?

ಎರಡನೆಯದಾಗಿ, ಅದು ಆಪತ್ತಿನ ಸ್ವರೂಪವನ್ನೂ ತಿಳಿಸಬೇಕು. 2022ರ ಆಗಸ್ಟ್‌ನಲ್ಲಿ ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಒಂದೇ ಮನೆಯ ಇಬ್ಬರು ಬಾಲಕಿಯರು ಮಡಿದರು. 2023ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನಲ್ಲಿ ಕಾಡಾನೆಯ ದಾಳಿಗೆ ತರುಣಿಯೊಬ್ಬಳು ಬಲಿಯಾದಳು. ಆಕೆಯ ನೆರವಿಗೆ ಧಾವಿಸಿದ ಒಬ್ಬರೂ ಪ್ರಾಣ ತೆತ್ತರು. ಕೂಗು ನೆರವನ್ನು ಕರೆಯಬಲ್ಲದು, ಆದರೆ ಎದುರಿಗಿರುವುದು ಆನೆಯೋ, ನೆರೆನೀರೋ, ಹಾವಿನ ಕಡಿತವೋ ಎಂಬುದನ್ನು ಹೇಳಲಾರದು. ಒಂದೊಂದು ಆಪತ್ತಿಗೆ ಒಂದೊಂದು ಚಿತ್ರವಿದ್ದು, ಅದನ್ನು ಒತ್ತಿದರೆ ಸುದ್ದಿ ಹೋಗುವಂತಿದ್ದರೆ ಅಕ್ಷರ ಬಾರದ ಅಜ್ಜಿಯೂ ಅದನ್ನು ಬಳಸಬಲ್ಲಳು. ಓಡಿಬರುವವನೂ ಎಚ್ಚರದಿಂದ ಬರುವನು. ರಕ್ಷಿಸಬಂದವನ ರಕ್ಷಣೆಯೂ ನಮ್ಮ ಹೊಣೆಯಲ್ಲವೇ?

‘ನಮ್ಮಲ್ಲಿ 112 ಇರುವಾಗ ಇನ್ನೊಂದೇಕೆ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಹೊಸ ಆ್ಯಪ್ ಸರ್ಕಾರದ ಸೇವೆಗೆ ಪ್ರತಿಸ್ಪರ್ಧಿಯಾಗಬಾರದು, ಪೂರಕವಾಗಬೇಕು. ದೂರದಿಂದ ವಾಹನ ಬರುವ ಮುನ್ನ ಕಳೆಯುವ ನಿಮಿಷಗಳಲ್ಲಿ ನೆರೆಮನೆಯವರನ್ನು ಎಚ್ಚರಿಸುವುದೇ ಅದರ ಕೆಲಸ. ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗದಿರಲು, ಯಾರಿಗೆ ಸುದ್ದಿ ಹೋಗಬೇಕು, ಯಾರು ಬರಬೇಕು ಎಂಬುದನ್ನು ಊರವರು ಮೊದಲೇ ಕುಳಿತು ನಿರ್ಣಯಿಸಿರಬೇಕು. ಸ್ತ್ರೀಯೊಬ್ಬಳು ಎಲ್ಲಿದ್ದಾಳೆಂಬ ವಿಷಯ ಆಕೆಯ ನಂಬಿಕೆಗೆ ಪಾತ್ರರಾದವರನ್ನು ಮಾತ್ರ ತಲುಪಬೇಕು. ಇಲ್ಲವಾದರೆ ಕಾಯಬೇಕಾದ ಬೇಲಿಯೇ ಹೊಲ ಮೇದಂತಾಗುವುದು.

ಯಂತ್ರವು ಸುದ್ದಿಯನ್ನು ಕ್ಷಣಾರ್ಧದಲ್ಲಿ ಒಯ್ಯಬಲ್ಲದು. ಕತ್ತಲಲ್ಲಿ ಸೂಡಿ ಹಿಡಿದು ಸಂಕ ದಾಟಿ ಬರುವ ಕೆಲಸವನ್ನು ಮನುಷ್ಯನೇ ಮಾಡಬೇಕು. ಆ್ಯಪ್ ಕಟ್ಟಲು 36 ಗಂಟೆಗಳು ಸಾಕಾಗಬಹುದು. ಆದರೆ ಕರೆ ಬಂದಾಗ ಎದ್ದು ಹೊರಡುವ ನೆರೆಹೊರೆಯನ್ನು ಕಟ್ಟಲು ವರ್ಷಗಳೇ ಬೇಕು. ನಾಳೆ ಆ್ಯಪ್ ಕಟ್ಟುವ ಕೈಗಳು ನಿಮ್ಮವಾಗಬಹುದು. ಕರೆಗೆ ಓಗೊಡುವ ಕಿವಿಗಳು ಇಂದಿನಿಂದಲೇ ನಿಮ್ಮವಾಗಲಿ.