ಬಿ.ಪಿ., ಶುಗರ್ ಗುಳಿಗೆಗಳ ಜೊತೆ ಥೈರಾಯ್ಡ್ ಗುಳಿಗೆಯೂ ಬರಲಿ: ಚಪಳಗಾಂವದ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಸೋಲಾಪುರ

ಪ್ರತಿ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪರಿಷತ್, ಜಿಲ್ಲಾ ಆರೋಗ್ಯ ಅಧಿಕಾರಿಗಳು, ಅನ್ನ ಮತ್ತು ಔಷಧ ಪ್ರಶಾಸನ, ಸೋಲಾಪುರ

ವಿಷಯ: ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಥೈರಾಕ್ಸಿನ್ ಗುಳಿಗೆಯ ಕೊರತೆ ನೀಗಿಸುವ ಬಗ್ಗೆ

ಮಾನ್ಯರೇ,

ಚಪಳಗಾಂವ ಮತ್ತು ಸುತ್ತಲಿನ ಹಳ್ಳಿಗಳ ಥೈರಾಯ್ಡ್ ರೋಗಿಗಳು ಹಾಗೂ ಅವರ ಮನೆಯವರು ಈ ಮನವಿ ಸಲ್ಲಿಸುತ್ತಿದ್ದಾರೆ. ಅವರು ಹೊಸ ಆಸ್ಪತ್ರೆ ಕೇಳುತ್ತಿಲ್ಲ, ಹೊಸ ಯೋಜನೆಯನ್ನೂ ಕೇಳುತ್ತಿಲ್ಲ. ಬಿ.ಪಿ., ಶುಗರ್ ಇದ್ದವರಿಗೆ ತಿಂಗಳ ಗುಳಿಗೆ ಕೊಡುವ ಸರಕಾರಿ ವ್ಯವಸ್ಥೆ ಈಗಾಗಲೇ ಇದೆ. ಅದರಲ್ಲೇ ಥೈರಾಯ್ಡ್ ಕೊರತೆಗೆ ನುಂಗುವ ಥೈರಾಕ್ಸಿನ್‌ಗೂ ಜಾಗ ಸಿಗಲಿ ಎನ್ನುತ್ತಿದ್ದಾರೆ.

ಈ ಗುಳಿಗೆಯ ಲೆಕ್ಕ ಮೈಕ್ರೋಗ್ರಾಮಿನದು. ಒಬ್ಬರಿಗೆ 25, ಇನ್ನೊಬ್ಬರಿಗೆ 75, ಮತ್ತೊಬ್ಬರಿಗೆ 100. ಬರೆದುಕೊಟ್ಟ ಅಳತೆ ಮೆಡಿಕಲ್‌ನಲ್ಲಿ ಸಿಗದ ದಿನ ಮನೆಗಳಲ್ಲಿ ನಡೆಯುವುದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. 100ರ ಗುಳಿಗೆಯನ್ನು ತರಕಾರಿ ಚಾಕುವಿನಿಂದ ಕತ್ತರಿಸುತ್ತಾರೆ. ಒಂದು ಚೂರು ದೊಡ್ಡದು, ಇನ್ನೊಂದು ಸಣ್ಣದು, ನಡುವಿನ ಪುಡಿ ಮಣೆಗೇ ಅಂಟಿಕೊಳ್ಳುತ್ತದೆ. ಒಂದೇ ಡಬ್ಬಿಯನ್ನು ಅತ್ತೆ ಸೊಸೆ ಇಬ್ಬರೂ ಹಂಚಿಕೊಳ್ಳುವುದುಂಟು. 75 ಬೇಕಾದವರು 50 ಮತ್ತು 25 ಕೂಡಿಸಿ ನುಂಗಬಹುದು ನಿಜ, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ಪಕ್ಕದ ಮನೆಯವರಲ್ಲ. ಗುಳಿಗೆಯ ಕಂಪನಿ ಬದಲಾದರೂ ಆರರಿಂದ ಎಂಟು ವಾರಕ್ಕೆ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿ ನೋಡುವುದು ಒಳ್ಳೆಯದು.

ಥೈರಾಕ್ಸಿನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಹಿಡಿಯುತ್ತದೆ. ಒಂದೆರಡು ದಿನ ತಪ್ಪಿದರೆ ಹೆಚ್ಚಿನವರಿಗೆ ಗಾಬರಿಯ ಕಾರಣವಿಲ್ಲ. ಮೋಸವಿರುವುದೂ ಅಲ್ಲೇ. ತಕ್ಷಣ ಏನೂ ಆಗದ್ದರಿಂದ ಗುಳಿಗೆ ಬೇಡವೇನೋ ಎನಿಸುತ್ತದೆ. ವಾರಗಳು ಕಳೆದ ಮೇಲೆ ಸುಸ್ತು, ಮಲಬದ್ಧತೆ, ಮುಖದ ಬಾವು, ಮುಟ್ಟಿನ ಏರುಪೇರು ಶುರುವಾದಾಗ ತಪ್ಪನ್ನು ಬಿಸಿಲಿಗೋ ಹೊಲದ ಕೆಲಸಕ್ಕೋ ಹೊರಿಸಿ ಸುಮ್ಮನಾಗುತ್ತಾರೆ. ಬಸುರಿಯರಿಗೆ ಈ ಸಡಿಲಿಕೆಯೂ ಇಲ್ಲ: ಅವರ ಥೈರಾಕ್ಸಿನ್ ಅಗತ್ಯ ಶೇ. 25ರಿಂದ 50ರವರೆಗೆ ಏರುತ್ತದೆ, ಮೊದಲ ಮೂರು ತಿಂಗಳು ಕೂಸಿನ ಮೆದುಳು ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಕೂಸಿಗೆ ಮೊದಲ ಎರಡು ವಾರದೊಳಗೆ ಔಷಧ ಶುರುವಾಗಬೇಕು.

ಕೊರತೆ ಬಂದಾಗ ಹೇಗೆ ಸಂಭಾಳಿಸಬೇಕು ಎಂಬುದಕ್ಕೆ ಜಪಾನಿನ ಉದಾಹರಣೆ ಇದೆ. 2011ರ ಮಾರ್ಚ್ 11ರ ಭೂಕಂಪದಲ್ಲಿ ಫುಕುಶಿಮಾ ಪ್ರಾಂತದ ಇವಾಕಿಯಲ್ಲಿದ್ದ ಆಸ್ಕಾ ಕಂಪನಿಯ ಕಾರಖಾನೆ ನಿಂತುಹೋಯಿತು. ಆ ದೇಶದ ಥೈರಾಕ್ಸಿನ್‌ನ ಬಹುಪಾಲು ತಯಾರಾಗುತ್ತಿದ್ದದ್ದು ಅಲ್ಲೇ. ಒಮ್ಮೆಲೇ ದೀರ್ಘಾವಧಿಗೆ ಬರೆದುಕೊಡಬೇಡಿ ಎಂದು ವೈದ್ಯರಿಗೆ ಸೂಚನೆ ಹೋಯಿತು, ಹೊರದೇಶದಿಂದ ತುರ್ತಾಗಿ ಗುಳಿಗೆ ತರಿಸಲಾಯಿತು. ಇದ್ದುದನ್ನು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚುವ ಈ ಕ್ರಮಕ್ಕೆ ಹಣ ಬೇಕಿಲ್ಲ, ಆದೇಶ ಬೇಕು.

ನಮ್ಮಲ್ಲಿ ಕಾಗದದ ಮೇಲಿನ ಪರಿಸ್ಥಿತಿ ಕೆಟ್ಟದ್ದೇನಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರಬಂದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯ 384 ಔಷಧಗಳಲ್ಲಿ ಲಿವೋಥೈರಾಕ್ಸಿನ್, ಅಂದರೆ ಇದೇ ಥೈರಾಕ್ಸಿನ್ ಗುಳಿಗೆ, ಇದೆ. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ದವಾಖಾನೆಗಳಲ್ಲಿ ಚಿಕಿತ್ಸೆ ಉಚಿತ. ಅದೇ ವರ್ಷದ ಅಕ್ಟೋಬರಿನಲ್ಲಿ ನಾಂದೇಡದ ಸರಕಾರಿ ಆಸ್ಪತ್ರೆಯಲ್ಲಿ ಒಂದರ ಹಿಂದೊಂದು ರೋಗಿಗಳ ಸಾವು ಸಂಭವಿಸಿದ ನಂತರ ಮುಂಬಯಿ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಾಗ ಔಷಧ ಖರೀದಿಯ ಪ್ರಶ್ನೆಯೂ ಎದ್ದಿತು. ಆದರೆ ಬಿ.ಪಿ., ಶುಗರ್ ಗುಳಿಗೆ ಕೊಡುವ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದ ರೋಗಗಳ ಸಾಲಿನಲ್ಲಿ ಥೈರಾಯ್ಡ್ ಇಲ್ಲ. ದಿನಾಲೂ, ಜೀವನಪರ್ಯಂತ ನುಂಗಬೇಕಾದ ಗುಳಿಗೆ ಹೀಗೆ ಹೊರಗುಳಿದದ್ದು ಸರಿಯಲ್ಲ.

ಆದ್ದರಿಂದ ಅರ್ಜಿದಾರರ ಬೇಡಿಕೆ ಇಷ್ಟು. ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮತ್ತು ಅಕ್ಕಲಕೋಟೆಯ ಗ್ರಾಮೀಣ ರುಗ್ಣಾಲಯದಲ್ಲಿ ಕನಿಷ್ಠ 25, 50, 100 ಮೈಕ್ರೋಗ್ರಾಮಿನ ಗುಳಿಗೆಗಳು ಮೂರು ತಿಂಗಳಿಗೆ ಸಾಲುವಷ್ಟು ಸದಾ ಇರಲಿ. ಬಿ.ಪಿ., ಶುಗರ್ ಗುಳಿಗೆ ಕೊಡುವ ದಿನವೇ ಇದನ್ನೂ ಕೊಡಲಿ. ದಾಸ್ತಾನು ಇಳಿದಾಗ ತಲಾ 30 ದಿನದ್ದಷ್ಟೇ ಕೊಟ್ಟು, ಬಸುರಿಯರಿಗೆ, ಕೂಸುಗಳಿಗೆ, ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡವರಿಗೆ ಮೊದಲ ಪಾಳಿ ಎಂಬ ಲಿಖಿತ ಆದೇಶ ಹೊರಡಲಿ. ಹಳೆ ಚೀಟಿ ಮುಂದುವರಿಸಲಿಕ್ಕಷ್ಟೇ ಸೋಲಾಪುರದ ಸಿವಿಲ್ ಆಸ್ಪತ್ರೆಯವರೆಗೆ ಎಸ್.ಟಿ. ಬಸ್ ಹತ್ತಿ ಒಂದು ದಿನದ ಕೂಲಿ ಕಳೆದುಕೊಳ್ಳುವುದು ತಪ್ಪಬೇಕು. ದೂರದಿಂದಲೇ ಡಾಕ್ಟರರ ಸಲಹೆ ಕೊಡಿಸುವ ಸರಕಾರಿ ಸೇವೆ ಇ-ಸಂಜೀವನಿ ಇರುವುದೇ ಇಂಥ ಕೆಲಸಕ್ಕೆ.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಶಾಖ, ತೇವ, ಬೆಳಕು ಮೂರೂ ಈ ಗುಳಿಗೆಗೆ ಆಗಿಬರುವುದಿಲ್ಲ. ತಗಡಿನ ಮಾಡಿನ ಕೋಣೆಯಲ್ಲಿ ಪೆಟ್ಟಿಗೆ ಪೇರಿಸಿಟ್ಟು ದಾಸ್ತಾನು ಇದೆ ಎಂದು ಬರೆದುಕೊಂಡರೆ ಉಪಯೋಗವಿಲ್ಲ.

ಇನ್ನೊಂದು ಮಾತು. ಅಕ್ಕಲಕೋಟೆ ತಾಲೂಕಿನ ಎಷ್ಟೋ ಮನೆಗಳ ಮಾತು ಕನ್ನಡ. ಗುಳಿಗೆ ನುಂಗುವ ಕ್ರಮ ಅವರಿಗೆ ಅವರ ಮಾತಿನಲ್ಲೇ ತಿಳಿಯಬೇಕು: ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ, ಚಹಾಕ್ಕಿಂತ ಅರ್ಧದಿಂದ ಒಂದು ತಾಸು ಮೊದಲು. ಕಬ್ಬಿಣಾಂಶ, ಕ್ಯಾಲ್ಸಿಯಂ ಗುಳಿಗೆಗಳಿಗೂ ಇದಕ್ಕೂ ನಾಲ್ಕು ತಾಸಿನ ಅಂತರ. ಡಾಕ್ಟರರನ್ನು ಕೇಳದೆ ನಿಲ್ಲಿಸಬಾರದು. ಈ ಸೂಚನೆಗಳು ಮರಾಠಿಯ ಜೊತೆ ಕನ್ನಡದಲ್ಲೂ ಫಲಕದ ಮೇಲಿರಲಿ, ಆಶಾ ಕಾರ್ಯಕರ್ತೆಯರ ಕೈಗೂ ಸಿಗಲಿ. ಕನ್ನಡದ ಈ ಬೇಡಿಕೆಯನ್ನು ಮಹಾರಾಷ್ಟ್ರ-ಕರ್ನಾಟಕ ಗಡಿ ವಿವಾದದ ಕಡತಕ್ಕೆ ಸೇರಿಸಬಾರದೆಂದು ವಿನಂತಿ.

ಈ ಬೇಡಿಕೆಗಳನ್ನು ಜಿಲ್ಲಾ ಪರಿಷತ್ತಿನ ಆರೋಗ್ಯ ಸಮಿತಿಯ ಮುಂದಿನ ಸಭೆಯಲ್ಲಿಟ್ಟು, ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕಾಗಿ ಕೋರಲಾಗಿದೆ.

ಇಂತಿ,
ಚಪಳಗಾಂವ ಪರಿಸರದ ಥೈರಾಯ್ಡ್ ರೋಗಿಗಳು ಮತ್ತು ಕುಟುಂಬದವರು