ಎಳ್ಳಿಗೇ ಎಳ್ಳುನೀರು ಬಿಡೋದಾ?

ಮೊನ್ನೆ ಬೆಳ್ತಂಗಡಿ ಕಡೆ ಒಂದು ಮದುವೆಗೆ ಹೋಗಿದ್ದೆ. ಕುಡಿಯಲು ಎಳ್ಳಿನ ಜ್ಯೂಸು ಕೊಟ್ರು. ಎಳ್ಳು ನಮ್ಮೂರಿನದ್ದೇನಾ ಅಂತ ಸುಮ್ನೆ ಕೇಳಿದೆ. ಪಕ್ಕದಲ್ಲಿದ್ದ ಮಾವ ನಕ್ಕುಬಿಟ್ರು. "ಈ ಮಳೆಯ ಊರಲ್ಲಿ ಎಳ್ಳು ಆಗ್ತದಾ ಮಾರಾಯ? ಅದೆಲ್ಲ ಘಟ್ಟದ ಮೇಲಿನವರ ಬೆಳೆ!"

ನನ್ನ ಜಗಳ ಶುರುವಾಗುವುದು ಇಲ್ಲಿಂದಲೇ.

ಬಂಟ್ವಾಳದ ನಮ್ಮ ಮನೆಯ ಮಜಲು ಗದ್ದೆಯಲ್ಲಿ ಏಣೆಲು ಕೊಯ್ದ ಮೇಲೆ ಉದ್ದಿನ ಜೊತೆ ಎಣ್ಮೆಯನ್ನೂ ಬಿತ್ತುತ್ತಿದ್ದೆವು ಅಂತ ಅಜ್ಜಿ ಹೇಳ್ತಿದ್ರು. ಎಣ್ಮೆ ಅಂದ್ರೆ ತುಳುವಿನಲ್ಲಿ ಎಳ್ಳು. ಈಗ ಆ ಗದ್ದೆ ಅಡಿಕೆ ತೋಟ. ಅಡಿಕೆಯ ದುಡ್ಡಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು, ಹಾಗಾಗಿ ತೋಟವನ್ನು ಬಯ್ಯುವುದಿಲ್ಲ. ಆದರೆ ಗದ್ದೆ ಬಿಟ್ಟವರು ನಾವು, ಮಳೆಯ ಮೇಲೆ ಯಾಕೆ ತಪ್ಪು ಹೊರಿಸೋದು?

ಬುಡದಲ್ಲಿ ನೀರು ನಿಂತ್ರೆ ಎಳ್ಳು ಸಾಯ್ತದೆ, ನಿಜ. ಅದಕ್ಕೇ ಹಿರಿಯರು ಮಳೆ ಮುಗಿದ ಮೇಲೆ ಬಿತ್ತಿದ್ದು. ಕೇರಳದ ಆಲಪ್ಪುಳ, ಕೊಲ್ಲಂ ಕಡೆಯ ಓಣಾಟ್ಟುಕರದಲ್ಲಿ ಮಳೆ ಕಡಿಮೆಯಾ? ಅಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ಎಳ್ಳು ಹಾಕ್ತಾರೆ. 2022ರಲ್ಲಿ ಆ ಎಳ್ಳಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ಅವರು ಉಳಿಸಿಕೊಂಡ್ರು, ನಾವು "ಆಗುದಿಲ್ಲ" ಅಂತ ಕೂತಿದ್ದೇವೆ.

ಅಟ್ಟದಲ್ಲಿ ಅಜ್ಜಿ ಕಟ್ಟಿಟ್ಟ ಎಳ್ಳಿನ ಗಂಟು ಸಿಕ್ಕಿತ್ತು. ಜನವರಿ ಕೊನೆಗೆ ಅಂಗಳದ ಬದಿಯಲ್ಲಿ ಬಿತ್ತಿದೆ. ಒಂದೇ ಒಂದು ಬೀಜ ಮೊಳಕೆ ಬರಲಿಲ್ಲ! ಸುಮಾರು ಅರ್ಧದಷ್ಟು ಎಣ್ಣೆಯೇ ಇರುವ ಬೀಜ, ನಮ್ಮ ಸೆಕೆಯಲ್ಲಿ ಎಷ್ಟು ವರ್ಷ ಅಂತ ಜೀವ ಹಿಡಿದೀತು? ಬಿತ್ತುವುದನ್ನು ನಿಲ್ಲಿಸಿದ ದಿನವೇ ಅದರ ಆಯಸ್ಸು ಮುಗಿಯುತ್ತಾ ಬಂದಿತ್ತು. ಬೆಳ್ತಂಗಡಿಯವರೇ ಆದ ಮಿತ್ತಬಾಗಿಲು ಅಮೈಯ ದೇವರಾಯರು ನೂರಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದು ಡಬ್ಬಿಯಲ್ಲಿಟ್ಟು ಅಲ್ಲ, ವರ್ಷವರ್ಷವೂ ಬಿತ್ತಿ.

ಮತ್ತೆ ಮೂಡುಬಿದಿರೆ ಪೇಟೆಯಿಂದ ಕರಿ ಎಳ್ಳು ತಂದೆ. (ಸಿಪ್ಪೆ ತೆಗೆದ ಬಿಳಿ ಎಳ್ಳು ತಂದ್ರೆ ಕೆಲಸಕ್ಕೆ ಬರುದಿಲ್ಲ.) ಬೀಜ ತುಂಬಾ ಸಣ್ಣ, ಮರಳಿನ ಜೊತೆ ಬೆರೆಸಿ ಬಿತ್ತಿ ತೆಳ್ಳಗೆ ಮಣ್ಣು ಮುಚ್ಚಿದೆ. ಐದನೇ ದಿನ ಹಸಿರು! ಒಂದು ಗೇಣಿಗೆ ಒಂದು ಗಿಡ ಬಿಟ್ಟು ಉಳಿದದ್ದು ಕಿತ್ತೆ. ನೀರು ಹದವಾಗಿ. ಒಂದೂವರೆ ತಿಂಗಳಿಗೆ ಹೂವು, ಹೂವಿಗೆ ಜೇನು. ಮೂರು ತಿಂಗಳಿಗೆ ಕೆಳಗಿನ ಕಾಯಿ ಹಳದಿಯಾಯ್ತು. ಒಡೆಯುವ ಮೊದಲೇ ಕೊಯ್ದು, ಹಳೇ ಸೀರೆ ಹಾಸಿ ನಿಲ್ಲಿಸಿ ಒಣಗಿಸಿ ಕೊಡವಿದ್ದಷ್ಟೇ. ಹತ್ತಡಿಗೆ ಹತ್ತಡಿ ಜಾಗದಲ್ಲಿ ಅರ್ಧ ಕೆಜಿಯೂ ಆಗಲಿಲ್ಲ.

"ಇಷ್ಟಕ್ಕೆ ಇಷ್ಟು ಕಷ್ಟವಾ? ಅಂಗಡಿಯಲ್ಲಿ ಸಿಗ್ತದಲ್ಲ" ಅಂದ್ರು ಅಮ್ಮ. ಲೆಕ್ಕ ಹಾಕಿದ್ರೆ ಅಮ್ಮನದ್ದೇ ಸರಿ. ಆದರೆ ಅಜ್ಜಿಯ ಎಣ್ಮೆ ಯಾವ ಅಂಗಡಿಯಲ್ಲಿ ಸಿಗ್ತದೆ? ಚೌತಿಯ ಪಂಚಕಜ್ಜಾಯಕ್ಕೆ, ಅಷ್ಟಮಿಯ ಎಳ್ಳುಂಡೆಗೆ, ಕೊನೆಗೆ ಅಜ್ಜಿಯ ತಿಥಿಗೂ ಎಳ್ಳು ಬೇಕು. ಅವರದ್ದೇ ಗದ್ದೆಯ ಬೀಜ ಮಾತ್ರ ಬೇಡವಾಯ್ತಲ್ಲ ನಮಗೆ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ಯಾರಾದ್ರೂ ಇದನ್ನು ಓದ್ತಾ ಇದ್ರೆ, ನಿಮ್ಮ ಮನೆಯಲ್ಲಿ ಊರಿನ ಎಳ್ಳು ಒಂದು ಮುಷ್ಟಿ ಉಳಿದಿದ್ರೆ, ದಯವಿಟ್ಟು ಡಬ್ಬಿಯಲ್ಲಿ ಇಡಬೇಡಿ. ಈ ಜನವರಿಗೇ ಬಿತ್ತಿ. ನನಗೂ ಒಂದು ಚಿಟಿಕೆ ಕೊಡಿ, ಬಂದು ತಕೊಂಡು ಹೋಗ್ತೇನೆ.